ನೂರಿಪ್ಪತ್ತು ಪೌಂಡಿನ ಮೀನು, ನಮ್ಮ ಶಿಂಷೆಯ ನೀರು

(ತುಮಕೂರಿನಲ್ಲಿ ಒಂದು ಭಾನುವಾರ ಸಂಜೆ, ಕೆರೆ-ಹೊಳೆಗಳ ಬಗ್ಗೆ ಆಸಕ್ತಿ ಇರುವ ಗೆಳೆಯರು ಸೇರಿದ್ದಾಗ ಆಡಿದ ಮಾತುಗಳಿವು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಮಾತಿನ ಧಾಟಿ ಹಾಗೇ ಇರಲಿ ಅಂತ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೊದಲು ಮೇಜಿನ ಮೇಲಿರುವ ಈ ಉಂಡೆ ನೋಡಿ. ಕೈಗೆ ತಗೊಂಡು ಒತ್ತಿ ನೋಡಿ, ಹಿಂದೆ ಕೂತವರಿಗೂ ದಾಟಿಸಿ. ರಾಗಿ ಹಿಟ್ಟಿನ ಉಂಡೆ. ಬೆಳಿಗ್ಗೆ ಮನೆಯಲ್ಲಿ ನಾನೇ ಮಾಡಿದ್ದು. ಮುದ್ದೆಯ ಹಾಗೆ ಎಸರಿಗೆ ಹಿಟ್ಟು ಹಾಕಿ ಕೋಲಿನಲ್ಲಿ ತೊಳಸಿದ್ದಲ್ಲ. ಹಸಿ ಹಿಟ್ಟಿಗೆ ಸ್ವಲ್ಪ ನೀರು ಹಾಕಿ ಗಟ್ಟಿಯಾಗಿ ನಾದಿ, ಉಂಡೆ ಕಟ್ಟಿ, ಕುದಿಯುವ ನೀರಿಗೆ ಬಿಟ್ಟು ಅರ್ಧ ಗಂಟೆಗೂ ಜಾಸ್ತಿ ಬೇಯಿಸಿದ್ದು. ಆರಿದ ಮೇಲೆ ಹೊರಗೆ ರಬ್ಬರಿನಂಥ ಸಿಪ್ಪೆ ಕಟ್ಟಿದೆ ನೋಡಿ. ಬೆರಳು ಒತ್ತಿದರೆ ತಗ್ಗುತ್ತದೆ, ಬಿಟ್ಟರೆ ಮೆಲ್ಲಗೆ ಎದ್ದು ಬರುತ್ತದೆ. ಇಷ್ಟು ಗಟ್ಟಿ ಯಾಕೆ ಬೇಕು ಅಂದರೆ, ಇದನ್ನು ಗಾಳಕ್ಕೆ ಸಿಕ್ಕಿಸಿ ರಭಸವಾಗಿ ಹರಿಯುವ ಹೊಳೆಗೆ ಎಸೆಯಬೇಕು. ಮೆತ್ತಗಿದ್ದರೆ ಸೆಳೆತಕ್ಕೆ ಕರಗುತ್ತದೆ. ಇಲ್ಲವೇ ಸಣ್ಣ ಮೀನು, ಆಮೆಗಳು ಕಚ್ಚಿ ಕಚ್ಚಿ ಖಾಲಿ ಮಾಡುತ್ತವೆ. ದೊಡ್ಡ ಬಾಯಿ ಬರುವ ತನಕ ಉಂಡೆ ನೀರಲ್ಲಿ ತಾಳಬೇಕು.

ಕಾವೇರಿಯಲ್ಲಿ ಭಾರಿ ಮೀನಿಗೆ ಗಾಳ ಹಾಕುತ್ತಿದ್ದವರು ನೆಚ್ಚಿಕೊಂಡಿದ್ದ ಎರೆ ಇದು. ಏಡಿಯನ್ನೂ ಬಳಸುತ್ತಿದ್ದರು, ಸಣ್ಣ ಮೀನನ್ನೂ ಬಳಸುತ್ತಿದ್ದರು. ಆದರೆ ದೂರದ ಇಂಗ್ಲೆಂಡಿನಿಂದ ಬಂದವರು ಕೂಡ ಕೊನೆಗೆ ನಮ್ಮ ರಾಗಿಗೇ ಬಂದರು. ರಾಗಿ ಉಣ್ಣುವ ಸೀಮೆಯವನಾಗಿ ನನಗೆ ಈ ಸಂಗತಿ ಮೊದಲು ಗೊತ್ತಾದಾಗ ಏನೋ ಹತ್ತಿರದ ನೆಂಟರ ಸುದ್ದಿ ಕೇಳಿದ ಹಾಗಾಯಿತು. ಅಲ್ಲಿಂದಲೇ ಈ ಮೀನಿನ ಹಿಂದೆ ಬಿದ್ದೆ.

ಮೀನು ಯಾವುದು? ಪುಸ್ತಕದಲ್ಲಿ ಮಹಶೀರ್. ಕಾವೇರಿ ದಂಡೆಯವರ ಬಾಯಲ್ಲಿ ಬಿಳಿ ಮೀನು. ನಮ್ಮ ಕೆರೆಯ ಗೆಂಡೆ, ರೋಹು, ಕಾಟ್ಲಾಗಳ ದೊಡ್ಡ ಬಳಗಕ್ಕೇ ಸೇರಿದ್ದು. ಆದರೆ ಕೆರೆಯ ನಿಂತ ನೀರು ಇದಕ್ಕೆ ಒಗ್ಗುವುದಿಲ್ಲ. ಬಂಡೆಗಳ ನಡುವೆ ನೊರೆಯೆದ್ದು ಓಡುವ ನೀರು ಬೇಕು, ಪಕ್ಕದಲ್ಲೇ ಆಳವಾದ ಮಡುವೂ ಬೇಕು. ಬಾಯಲ್ಲಿ ಹಲ್ಲಿಲ್ಲ. ಹಲ್ಲಿರುವುದು ಗಂಟಲಲ್ಲಿ. ಏಡಿಯ ಚಿಪ್ಪನ್ನು ಅಲ್ಲೇ ಅರೆದು ನುಂಗುತ್ತದೆ. ಕಬ್ಬಿಣದ ಗಾಳವನ್ನೂ ಚಪ್ಪಟೆ ಮಾಡಿ ಉಗುಳಿದ್ದುಂಟು.

ಈಗ ದಾಖಲೆಯ ಮಾತಿಗೆ ಬರೋಣ.

1919ರಲ್ಲಿ ರಿವೆಟ್-ಕಾರ್ನಾಕ್ ಎಂಬ ಬ್ರಿಟಿಷ್ ಅಧಿಕಾರಿ ಕಾವೇರಿಯಲ್ಲಿ 119 ಪೌಂಡಿನ ಮಹಶೀರ್ ಹಿಡಿದರು. ಆ ದಾಖಲೆ ಇಪ್ಪತ್ತೇಳು ವರ್ಷ ನಿಂತಿತು. 1946ರಲ್ಲಿ ಮೈಸೂರಿನ ಡಿ ವೆಟ್ ವ್ಯಾನ್ ಇಂಗೆನ್ ಕಬಿನಿಯಲ್ಲಿ 120 ಪೌಂಡಿನದನ್ನು ಹಿಡಿದರು. ವ್ಯಾನ್ ಇಂಗೆನ್ ಅಂದರೆ ಹಳೇ ಮೈಸೂರಿನವರಿಗೆ ನೆನಪಿರಬಹುದು. ರಾಜ ಮಹಾರಾಜರು ಬೇಟೆಯಾಡಿದ ಹುಲಿ, ಚಿರತೆಗಳ ಚರ್ಮ ಹದ ಮಾಡಿ, ಒಳಗೆ ತುಂಬಿ, ಜೀವ ಇದ್ದ ಹಾಗೆ ನಿಲ್ಲಿಸುತ್ತಿದ್ದ ಮನೆತನ ಅದು. ಆ ಕಾರ್ಖಾನೆ 1999ರಲ್ಲಿ ಮುಚ್ಚಿತು.

120 ಪೌಂಡ್ ಅಂದರೆ 54 ಕೆಜಿಯ ಮೇಲೆ. ಲೆಕ್ಕದಲ್ಲಿ ಹೇಳಿದರೆ ಮನಸ್ಸಿಗೆ ಹತ್ತುವುದಿಲ್ಲ. ಒಂದು ಸಿಮೆಂಟ್ ಮೂಟೆ 50 ಕೆಜಿ. ಆ ಮೂಟೆಗಿಂತ ನಾಲ್ಕು ಕೆಜಿಗೂ ಜಾಸ್ತಿ ತೂಗುವ ಮೀನು, ಅದೂ ಹರಿವ ನೀರಿನಲ್ಲಿ, ಬಂಡೆಗಳ ಸಂದಿಯಲ್ಲಿ, ತನ್ನ ಇಡೀ ಬಲ ಹಾಕಿ ಎಳೆಯುತ್ತಿದೆ ಅಂದುಕೊಳ್ಳಿ. ಈ ಕಡೆ ಇರುವುದು ಒಂದು ಬಿದಿರೋ ಬೆತ್ತವೋ ಕೋಲು, ಒಂದು ಎಳೆ ದಾರ. ಮೀನು ಹೋಗಿ ಬಂಡೆಯ ಸಂದಿ ಸೇರಿತು ಅಂದರೆ ದಡದಲ್ಲಿ ನಿಂತು ಎಳೆದು ಪ್ರಯೋಜನ ಇಲ್ಲ. ಆಗ ಹರಿಗೋಲಿನವರು ಬರಬೇಕು. ಅವರು ದಾರದ ಜಾಡು ಹಿಡಿದು, ಸುಳಿ ತಪ್ಪಿಸಿ, ಬಂಡೆಯ ಆ ಮಗ್ಗುಲಿಗೆ ಹೋಗಿ ದಾರ ಬಿಡಿಸಬೇಕು. ದಾಖಲೆಯ ಪಟ್ಟಿಯಲ್ಲಿ ಗಾಳ ಹಿಡಿದವರ ಹೆಸರಿದೆ. ಹುಟ್ಟು ಹಾಕಿದವರ ಹೆಸರು ಹುಡುಕಿದರೂ ಸಿಗುವುದಿಲ್ಲ. ಇದು ನನಗೆ ನೋವಿನ ವಿಷಯ, ಹೇಳಿಯೇ ಮುಂದೆ ಹೋಗುತ್ತೇನೆ.

ಸ್ವಾತಂತ್ರ್ಯ ಬಂದ ಮೇಲೆ ಹೊರಗಿನವರು ಈ ಮೀನನ್ನು ಹೆಚ್ಚು ಕಡಿಮೆ ಮರೆತಿದ್ದರು. 1970ರ ದಶಕದ ಕೊನೆಗೆ ಇಂಗ್ಲೆಂಡಿನ ಕೆಲವು ಯುವಕರು ಹಳೆಯ ಬರಹಗಳ ಜಾಡು ಹಿಡಿದು ಕಾವೇರಿಗೆ ಬಂದರು. ಅವರಲ್ಲೊಬ್ಬರು ರಾಬರ್ಟ್ ಹೋವಿಟ್. 1984ರ ಮಾರ್ಚಿನಲ್ಲಿ ಅವರು ಹಿಡಿದ 95 ಪೌಂಡಿನ ಮೀನು, ಅಂದರೆ 43 ಕೆಜಿ, ಅಂತರರಾಷ್ಟ್ರೀಯ ಗಾಳ ಮೀನುಗಾರಿಕೆ ಸಂಸ್ಥೆಯ ವಿಶ್ವ ದಾಖಲೆಯ ಪಟ್ಟಿ ಸೇರಿತು.

ಇಲ್ಲಿ ಯಾರಾದರೂ ಕೇಳಬಹುದು, 120 ಮೊದಲೇ ಆಗಿತ್ತಲ್ಲ, 95 ಹೇಗೆ ದಾಖಲೆ ಅಂತ. ಆ ಸಂಸ್ಥೆಯದು ಕಟ್ಟುನಿಟ್ಟಿನ ಲೆಕ್ಕ. ಮೀನನ್ನು ದೋಣಿಯಲ್ಲಿ ತೂಗಿದರೆ ನಡೆಯುವುದಿಲ್ಲ, ನೆಲದ ಮೇಲೇ ತೂಗಬೇಕು. ತಕ್ಕಡಿ ಪರೀಕ್ಷೆ ಮಾಡಿ ಮುದ್ರೆ ಹಾಕಿಸಿದ್ದಾಗಿರಬೇಕು. ಬಳಸಿದ ದಾರದ ತುಂಡು ಕಳಿಸಬೇಕು. ಮೀನು, ಕೋಲು, ತಕ್ಕಡಿ ಎಲ್ಲದರ ಫೋಟೋ ಬೇಕು. ಗಾಳಕ್ಕೆ ಬಿದ್ದಲ್ಲಿಂದ ಕೋಲನ್ನು ಬೇರೆಯವರು ಮುಟ್ಟಿರಬಾರದು. ಹಳೆಯ 119, 120ರ ಮೀನುಗಳು ಜನ ನಂಬಿ ಹೇಳುತ್ತಾ ಬಂದ ದಾಖಲೆಗಳು. 95ರದು ಕಾಗದ ಪತ್ರ ಸಮೇತ ಇರುವ ದಾಖಲೆ.

ಈ ಬರೆದಿಡುವ ಮಾತು ಬಂದಾಗ ನನಗೆ ನಮ್ಮ ಸೋದರಮಾವ ನೆನಪಾಗುತ್ತಾರೆ. ಅವರ ಊರು ಕುಣಿಗಲ್ ತಾಲ್ಲೂಕಿನಲ್ಲಿ, ಮಾರ್ಕೋನಹಳ್ಳಿ ಜಲಾಶಯಕ್ಕೆ ದೂರವಿಲ್ಲ. ಬೇಸಿಗೆ ರಜೆಗೆ ಹೋದರೆ ಬೆಳಿಗ್ಗೆ ನಸುಕಿಗೇ ಎಬ್ಬಿಸಿ, "ಏಳೋ, ಎರೆಹುಳ ತೆಗಿಬೇಕು" ಅನ್ನುತ್ತಿದ್ದರು. ಬಚ್ಚಲ ನೀರು ಹೋಗುವ ಕಡೆ ಮಣ್ಣು ಕೆದಕಿ ತೆಂಗಿನ ಚಿಪ್ಪಿನಲ್ಲಿ ಹುಳ ತುಂಬಿಕೊಂಡು ಕೆರೆಗೆ ಹೋಗುತ್ತಿದ್ದೆವು. ಸಿಕ್ಕಿದ್ದು ಹೆಚ್ಚಾಗಿ ಗೆಂಡೆ, ಅಪರೂಪಕ್ಕೊಂದು ಕೊರವ. ಕೊರವ ಸಿಕ್ಕಿದ ದಿನ ಮಾವ ಒಂದು ಕೆಲಸ ಮಾಡುತ್ತಿದ್ದರು. ಮೀನನ್ನು ಹಿತ್ತಲ ಗೋಡೆಗೆ ಒತ್ತಿ ಹಿಡಿದು, ತಲೆಯ ಹತ್ತಿರ ಒಂದು, ಬಾಲದ ಹತ್ತಿರ ಒಂದು ಇದ್ದಿಲಿನ ಗೆರೆ ಎಳೆಯುತ್ತಿದ್ದರು. ಪಕ್ಕದಲ್ಲಿ ಹಬ್ಬದ ಹೆಸರು ಬರೆಯುತ್ತಿದ್ದರು. "ಗೌರಿ ಹಬ್ಬದ ಮುಂದೆ", "ಯುಗಾದಿ ಆದ ವಾರ" ಹೀಗೆ. ನನಗೆ ಆಗ ಅದು ಆಟ. ಗೋಡೆಯ ಗೆರೆ ನೋಡಿಯೇ ಯಾವ ವರ್ಷ ಮೀನು ದೊಡ್ಡದಾಗಿ ಬಂತು, ಯಾವ ವರ್ಷ ಸಣ್ಣದಾಯಿತು ಅಂತ ಮಾವ ಹೇಳುತ್ತಿದ್ದರು. ಒಂದು ಮದುವೆಗೆ ಮನೆಗೆ ಸುಣ್ಣ ಹೊಡೆಸಿದರು. ಗೆರೆಗಳೆಲ್ಲ ಹೋದವು. ಈಗ ಆ ಕೆರೆಯಲ್ಲಿ ಕೊರವ ಕಡಿಮೆಯಾಗಿದೆ ಅಂದರೆ ಯಾರೂ ಒಪ್ಪುವುದಿಲ್ಲ. ಎಷ್ಟಿತ್ತು ಅಂತ ತೋರಿಸಲು ನನ್ನ ಹತ್ತಿರ ಏನೂ ಇಲ್ಲ.

ಕಾವೇರಿಯಲ್ಲಿ ಮಾತ್ರ ಸುಣ್ಣ ಹೊಡೆಯದ ಒಂದು ಗೋಡೆ ಉಳಿದಿತ್ತು. ಇವತ್ತಿನ ನನ್ನ ಮಾತಿನ ಮುಖ್ಯ ಭಾಗ ಇದು, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಶಿವನಸಮುದ್ರದಿಂದ ಕೆಳಗೆ ಮುತ್ತತ್ತಿ, ಭೀಮೇಶ್ವರಿ, ಗಾಲಿಬೋರೆ, ಮೇಕೆದಾಟುವಿನ ಕಡೆಗೆ ಹೋಗುವ ಕಾವೇರಿ ಕಾಡಿನ ನಡುವೆ ಹರಿಯುತ್ತದೆ. ಅಲ್ಲಿ ಗಾಳ ಹಾಕುವವರಿಗಾಗಿ ಶಿಬಿರಗಳಿದ್ದವು. ನಿಯಮ ಒಂದೇ: ಹಿಡಿದ ಮಹಶೀರನ್ನು ತೂಗಿ, ಬರೆದು, ಜೀವಂತ ಹೊಳೆಗೆ ಬಿಡಬೇಕು. ಸುತ್ತಲ ಹಳ್ಳಿಯವರೇ ಅಲ್ಲಿ ಹರಿಗೋಲು ನಡೆಸುವವರು, ದಾರಿ ತೋರಿಸುವವರು, ರಾತ್ರಿ ಹೊಳೆ ಕಾಯುವವರು. ಹಿಂದೆ ಕದ್ದು ಮೀನು ಹಿಡಿಯುತ್ತಿದ್ದ ಕೆಲವರೂ ಈ ಕೆಲಸಕ್ಕೆ ಬಂದರು. ಮಡು ಯಾವುದು, ಮೀನು ಎಲ್ಲಿ ಮಲಗುತ್ತದೆ ಅಂತ ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು?

ಗಾಲಿಬೋರೆಯ ಶಿಬಿರದಲ್ಲಿ 1998ರಿಂದ 2012ರವರೆಗೆ ಬರೆದಿಟ್ಟ ಲೆಕ್ಕವನ್ನು ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮತ್ತು ಜೊತೆಗಾರ ವಿಜ್ಞಾನಿಗಳು ಕೂತು ಓದಿದರು. ಆರು ಸಾವಿರಕ್ಕೂ ಹೆಚ್ಚು ಮೀನುಗಳ ಲೆಕ್ಕ. ಅರ್ಧ ಕೆಜಿಗಿಂತ ಸಣ್ಣದರಿಂದ ಹಿಡಿದು 46 ಕೆಜಿ ದಾಟಿದ್ದರವರೆಗೆ. ಅದರಲ್ಲಿ ಎರಡು ಬಗೆಯ ಮೀನು ಇದ್ದವು. ಒಂದು ಬೆನ್ನ ಮೇಲೆ ಗೂನು ಇರುವುದು, ಮೈ ಹೊಂಬಣ್ಣ. ಇನ್ನೊಂದು ನೀಲಿ ರೆಕ್ಕೆಯದು.

ನೀಲಿ ರೆಕ್ಕೆಯ ಮೀನುಗಳು ವರ್ಷದಿಂದ ವರ್ಷಕ್ಕೆ ಜಾಸ್ತಿಯಾಗಿದ್ದವು. ಸಣ್ಣ ಸಣ್ಣ ಮೀನುಗಳು, ಬೇಕಾದಷ್ಟು. ಗೂನು ಬೆನ್ನಿನವು ಕಡಿಮೆ ಆಗುತ್ತಾ ಬಂದಿದ್ದವು. ಆದರೆ ಸಿಕ್ಕಿದ್ದು ಒಂದೊಂದೂ ಮೊದಲಿಗಿಂತ ದೊಡ್ಡದು.

ಇದನ್ನು ಸುಮ್ನೆ ಕೇಳಿದರೆ ಒಳ್ಳೆಯ ಸುದ್ದಿ ಅನಿಸುತ್ತದೆ, ಅಲ್ವಾ? ಮೀನು ದೊಡ್ಡದಾಗುತ್ತಿದೆ! ಗಾಳ ಹಾಕುವವರೂ ಖುಷಿಪಟ್ಟಿರಬೇಕು. ಈಗ ಒಂದು ಹಳ್ಳಿ ನೆನೆಸಿಕೊಳ್ಳಿ. ಆ ಹಳ್ಳಿಯವರ ಸರಾಸರಿ ವಯಸ್ಸು ವರ್ಷ ವರ್ಷ ಏರುತ್ತಿದೆ. ಅಂದರೆ ಜನ ಚೆನ್ನಾಗಿ ಬಾಳುತ್ತಿದ್ದಾರೆ ಅಂತಲ್ಲ. ಅಲ್ಲಿ ಮಕ್ಕಳಿಲ್ಲ ಅಂತ. ಅಂಗನವಾಡಿ ಬಾಗಿಲು ಹಾಕಿದೆ, ಜಗಲಿಯಲ್ಲಿ ಮುದುಕರು ಮಾತ್ರ ಕೂತಿದ್ದಾರೆ ಅಂತ. ಕಾವೇರಿಯ ಗೂನು ಬೆನ್ನಿನ ಮೀನಿಗೆ ಆಗಿದ್ದು ಅದೇ. ಮರಿಗಳು ಬರುತ್ತಿರಲಿಲ್ಲ. ಹಳೆಯ ಮೀನುಗಳು ಇನ್ನಷ್ಟು ಹಳೆಯದಾಗುತ್ತಾ, ಇನ್ನಷ್ಟು ದಪ್ಪವಾಗುತ್ತಾ ಒಂದೊಂದಾಗಿ ಕಡಿಮೆಯಾದವು. ಇಷ್ಟನ್ನು ಕಂಡುಹಿಡಿಯಲು ಮೀನು ಕೊಯ್ಯಬೇಕಾಗಲಿಲ್ಲ. ಶಿಬಿರದ ರಿಜಿಸ್ಟರು ಸಾಕಾಯಿತು.

ನೀಲಿ ರೆಕ್ಕೆಯದು ಎಲ್ಲಿಂದ ಬಂತು? ಅದು ಕಾವೇರಿಯ ಮೂಲದ್ದಲ್ಲ. ಕೃಷ್ಣಾ ನದಿಯ ಕಡೆಯದು. 1839ರಲ್ಲಿ ಸೈಕ್ಸ್ ಎಂಬುವರು ಪುಣೆಯ ಹತ್ತಿರದ ಹೊಳೆಯ ಮೀನು ನೋಡಿ ಅದಕ್ಕೆ ಹೆಸರಿಟ್ಟಿದ್ದರು. 1970ರ ದಶಕದಲ್ಲಿ ಲೋನಾವಳದಲ್ಲಿ ಟಾಟಾ ಪವರ್‌ನವರು ಇದರ ಮರಿ ಮಾಡುವುದನ್ನು ಕಲಿತರು. ಒಳ್ಳೆಯ ಉದ್ದೇಶದಿಂದಲೇ ಮಾಡಿದ್ದು. ಮಹಶೀರ್ ಕಡಿಮೆಯಾಗುತ್ತಿದೆ, ಮರಿ ಬಿಟ್ಟರೆ ಹೆಚ್ಚುತ್ತದೆ ಅಂತ ದೇಶದ ಬೇರೆ ಬೇರೆ ನದಿಗಳಿಗೆ ಮರಿ ಹೋದವು, ಕಾವೇರಿಗೂ ಬಂದವು. ಮಹಶೀರ್ ಅಂದರೆ ಎಲ್ಲ ಒಂದೇ ಅಂದುಕೊಂಡಿದ್ದರು. ಬಂದ ಮೀನು ಊರಿನದಾಯಿತು, ಊರಿನ ಮೀನು ಮೂಲೆ ಸೇರಿತು.

ಇನ್ನೊಂದು ಸಂಗತಿ ಕೇಳಿದಾಗ ನನಗೆ ಆ ದಿನ ನಿದ್ದೆ ಬರಲಿಲ್ಲ. ಜಗತ್ತಿನವರೆಲ್ಲ ಹುಡುಕಿಕೊಂಡು ಬಂದ ಈ ಗೂನು ಬೆನ್ನಿನ ಮೀನಿಗೆ ವಿಜ್ಞಾನದಲ್ಲಿ ಒಂದು ಸರಿಯಾದ ಹೆಸರೇ ಇರಲಿಲ್ಲ! ತೂಕ ಇತ್ತು, ಫೋಟೋ ಇತ್ತು, ಹೆಸರಿರಲಿಲ್ಲ. ಕೆಲವರು ಬೇರೆ ಮೀನಿನ ಹೆಸರಿನಿಂದ ಕರೆಯುತ್ತಿದ್ದರು. 2007ರಲ್ಲಿ ಕೇರಳದ ಪಾಂಬಾರ್ ಹೊಳೆಯಲ್ಲಿ ಸಿಕ್ಕ ಸಣ್ಣ ಮಹಶೀರ್‌ಗಳನ್ನು ಕುರುಪ್ ಮತ್ತು ರಾಧಾಕೃಷ್ಣನ್ ಎಂಬ ವಿಜ್ಞಾನಿಗಳು ಹೊಸ ಜಾತಿ ಎಂದು ಗುರುತಿಸಿ, ಮೀನು ವಿಜ್ಞಾನಿ ಕೆ. ರೆಮಾ ದೇವಿಯವರ ಗೌರವಕ್ಕೆ ಟಾರ್ ರೆಮಾದೇವಿ ಅಂತ ಹೆಸರಿಟ್ಟರು. ಪಾಂಬಾರ್ ಕೂಡ ಕಾವೇರಿಗೇ ಸೇರುವ ನೀರು. ಕಾವೇರಿಯ ದೈತ್ಯನೂ ಪಾಂಬಾರಿನ ಆ ಮೀನೂ ಒಂದೇ ಅಂತ ಖಚಿತವಾದದ್ದು 2018ರಲ್ಲಿ. ಅದಕ್ಕೆ ಬೇಕಾದ ಮೀನು ಕಾವೇರಿಯಲ್ಲಿ ಸಿಗದೆ ನೀಲಗಿರಿ ಕಡೆಯ ಮೋಯಾರ್ ಹೊಳೆಯಲ್ಲಿ ಹುಡುಕಬೇಕಾಯಿತು. ಅದೇ ವರ್ಷ ಜೀವಿಗಳ ಅಳಿವು ಉಳಿವಿನ ಲೆಕ್ಕ ಇಡುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್ ಇದನ್ನು ಅಳಿವಿನ ಅಂಚಿಗೆ ಬಂದ ಜೀವಿಗಳ ಪಟ್ಟಿಗೆ ಸೇರಿಸಿತು. ನಾಮಕರಣ ಮಾಡಿಸಿಕೊಂಡು ನೇರ ಐಸಿಯುಗೆ ಹೋದ ಹಾಗೆ.

ಬರೀ ಹೊರಗಿನ ಮೀನಿನಿಂದ ಹೀಗಾಯಿತು ಅಂದರೆ ತಪ್ಪಾಗುತ್ತದೆ. ಮಹಶೀರ್ ಮಳೆಗಾಲದಲ್ಲಿ ಹೊಸ ನೀರಿಗೆ ಎದುರಾಗಿ ಏರಿ ಹೋಗಿ ಮೊಟ್ಟೆ ಇಡುವ ಮೀನು. ಕೆರೆ ಕೋಡಿ ಬಿದ್ದಾಗ ಮೀನು ಹತ್ತುವುದನ್ನು ನೋಡಿದ್ದೀರಲ್ಲ, ಆ ಥರ. ಕನ್ನಂಬಾಡಿ, ಮೆಟ್ಟೂರು, ಗೊರೂರು, ಕಬಿನಿ, ಎಲ್ಲ ಕಡೆ ಅಣೆಕಟ್ಟು ನಿಂತಿತು. 1946ರ ಆ ದಾಖಲೆಯ ಮೀನು ಈಜಾಡಿದ ಕಬಿನಿಗೆ ಆಗ ಅಣೆಕಟ್ಟು ಇರಲಿಲ್ಲ. ಮರಳು ತೆಗೆದರು, ಮೊಟ್ಟೆ ಇಡುವ ಜಾಗವೂ ಹೋಯಿತು. ಎಲ್ಲಕ್ಕಿಂತ ಕೆಟ್ಟದ್ದು ಸಿಡಿಮದ್ದು. ಮಡುವಿಗೆ ಒಂದು ಎಸೆದರೆ ದೊಡ್ಡದು, ಸಣ್ಣದು, ಮೊಟ್ಟೆ, ಮರಿ ಯಾವುದೂ ಉಳಿಯುವುದಿಲ್ಲ. ತೇಲಿ ಬಂದದ್ದಕ್ಕಿಂತ ಮುಳುಗಿ ಕೊಳೆತದ್ದೇ ಜಾಸ್ತಿ.

ಆ ಹೊಳೆಯ ಭಾಗ ಕಾವೇರಿ ವನ್ಯಜೀವಿ ಧಾಮದೊಳಗೆ ಇದೆ. ಧಾಮದಲ್ಲಿ ಮೋಜಿಗೆ ಗಾಳ ಹಾಕುವುದು ಕಾನೂನಿಗೆ ಸರಿಯಲ್ಲ ಅಂತ ಅದು ನಿಂತಿತು. ಕಾಡಿನ ಕಾನೂನು ಸಡಿಲ ಆಗಬಾರದು ಅನ್ನುವವರ ಮಾತು ನನಗೆ ಅರ್ಥವಾಗುತ್ತದೆ. ಬಾಯಿಗೆ ಕೊಕ್ಕೆ ಸಿಕ್ಕಿಸಿ ಬಿಡುವುದು ಮೀನಿಗೆ ಹಿಂಸೆ ಅನ್ನುವವರ ಮಾತೂ ಅರ್ಥವಾಗುತ್ತದೆ. ಶೃಂಗೇರಿಯಲ್ಲಿ, ರಾಮನಾಥಪುರದಲ್ಲಿ ದೇವರ ಮೀನು ಅಂತ ಮುಟ್ಟದೆ ಕಾಪಾಡಿದ ನಾಡು ನಮ್ಮದು. ಆದರೆ ಶಿಬಿರ ಮುಚ್ಚಿದ ದಿನ ಆ ರಿಜಿಸ್ಟರೂ ಮುಚ್ಚಿತು. ಆರು ಸಾವಿರ ಮೀನಿನ ಲೆಕ್ಕ ಕೊಟ್ಟ ಜಾಗದಲ್ಲಿ ಈಗ ಹಾಗೆ ದಿನಾ ಬರೆಯುವ ಕೈ ಇಲ್ಲ. ರಾತ್ರಿ ಹೊಳೆ ಕಾಯುತ್ತಿದ್ದವರೂ ಬೇರೆ ಕೂಲಿ ಹುಡುಕಿಕೊಂಡರು. ಗಾಳ ಬೇಡ ಅಂದರೆ ಬೇಡ. ಲೆಕ್ಕ ಬೇಡ ಅಂತ ಯಾರು ಹೇಳಿದರು? ಬೇರೆ ರೀತಿಯಲ್ಲಿ ಎಣಿಸಬಹುದು, ಆ ಹಳ್ಳಿಯವರನ್ನೇ ಎಣಿಸುವ ಕೆಲಸಕ್ಕೆ ಇಟ್ಟುಕೊಳ್ಳಬಹುದು. ಇದು ನನ್ನ ಗಟ್ಟಿ ಅಭಿಪ್ರಾಯ.

ಇದನ್ನೆಲ್ಲ ತುಮಕೂರಿನಲ್ಲಿ ನಿಂತು ಯಾಕೆ ಹೇಳುತ್ತಿದ್ದೇನೆ? ಕಾವೇರಿ ಇಲ್ಲಿಂದ ಎಷ್ಟು ದೂರ!

ಕಿಟಕಿಯ ಆ ಕಡೆ ದೇವರಾಯನದುರ್ಗ ಇದೆ. ಅಲ್ಲಿ ಮಳೆ ಬಿದ್ದರೆ ಒಂದಷ್ಟು ನೀರು ಜಯಮಂಗಲಿಯಾಗಿ ಬಡಗಣಕ್ಕೆ ಹೋಗಿ ಪೆನ್ನಾರ್ ಸೇರುತ್ತದೆ. ಇನ್ನೊಂದಷ್ಟು ಶಿಂಷೆಯಾಗಿ ತೆಂಕಣಕ್ಕೆ ಹೊರಡುತ್ತದೆ. ಮಾರ್ಕೋನಹಳ್ಳಿಯಲ್ಲಿ ನಿಂತು, ತುಂಬಿದರೆ ಸೈಫನ್ ತಾನಾಗಿ ಎಳೆದುಕೊಂಡು ಕೆಳಕ್ಕೆ ಬಿಡುತ್ತದೆ. ಮದ್ದೂರು ದಾಟಿ, ಶಿಂಷಾ ಜಲಪಾತ ಇಳಿದು ಕಾವೇರಿಗೆ ಸೇರುತ್ತದೆ. ಎಲ್ಲಿ ಸೇರುತ್ತದೆ ಗೊತ್ತಾ? ಶಿವನಸಮುದ್ರದ ಕೆಳಗೆ, ಮುತ್ತತ್ತಿಗೆ ಮೊದಲು. ಅಂದರೆ ನಾನು ಇಷ್ಟು ಹೊತ್ತು ಹೇಳಿದ ಆ ಮೀನಿನ ಮನೆಯ ಬಾಗಿಲಿಗೇ. ನಂದಿ ಬೆಟ್ಟದಲ್ಲಿ ಹುಟ್ಟುವ ಅರ್ಕಾವತಿ ಬೆಂಗಳೂರಿನ ಮಗ್ಗುಲಲ್ಲಿ ಹಾದು ಸಂಗಮದಲ್ಲಿ ಅದೇ ಕಾವೇರಿಗೆ ಬೀಳುತ್ತದೆ. ಅದು ಗಾಲಿಬೋರೆಯ ನೆರೆ. ತುಮಕೂರಿನ ನೀರು ಒಂದು ಬಾಗಿಲಿಗೆ, ಚಿಕ್ಕಬಳ್ಳಾಪುರದ ನೀರು ಇನ್ನೊಂದು ಬಾಗಿಲಿಗೆ. ಈ ಎರಡು ಹೊಳೆಗಳಲ್ಲಿ ನಾವು ಏನು ಬಿಡುತ್ತೇವೋ ಅದು ಅಲ್ಲಿಗೇ ಹೋಗುತ್ತದೆ.

ನಾವು ಕುಡಿಯುವುದೂ ಅದೇ ಮನೆಯ ನೀರು. ಬುಗುಡನಹಳ್ಳಿಗೆ ಬರುವ ಹೇಮಾವತಿ ಕಾವೇರಿಯ ಕೂಸು. ಗೊರೂರಿನಿಂದ ನಾಲೆಯಲ್ಲಿ ಬಂದು ನಮ್ಮ ನಲ್ಲಿಗೆ ಸೇರುತ್ತದೆ.

ಹಾಗಾಗಿ ಒಂದು ಸಣ್ಣ ಕೆಲಸ ಕೇಳುತ್ತೇನೆ. ನಿಮ್ಮ ಊರಿನ ಕೆರೆಗೆ, ಜಲಾಶಯಕ್ಕೆ ಮೀನು ಮರಿ ಬಿಡುವ ಕಾರ್ಯಕ್ರಮ ಆದರೆ ಹೋಗಿ. ಫೋಟೋಗೆ ನಿಲ್ಲುವುದಕ್ಕಲ್ಲ. ಯಾವ ಜಾತಿ, ಎಲ್ಲಿಂದ ತಂದದ್ದು, ಎಷ್ಟು ಮರಿ, ಈ ಮೂರು ಕೇಳಿ ಬರೆದುಕೊಳ್ಳಿ. ಗಾಳ ಹಾಕುವ ಅಭ್ಯಾಸ ಇರುವವರು ಸಿಕ್ಕ ಮೀನಿನ ಉದ್ದ, ದಿನ, ಕೆರೆಯ ಹೆಸರು ಬರೆದಿಡಿ. ಗೋಡೆ ಮೇಲೆ ಬೇಡ, ನೋಟ್‌ಬುಕ್ಕಿನಲ್ಲಿ.

ನನ್ನ ಮಾತು ಇಷ್ಟು.

(ಮಾತು ಮುಗಿದ ಮೇಲೆ ಎಂಟನೇ ಕ್ಲಾಸಿನ ಹುಡುಗನೊಬ್ಬ ಎದ್ದು ನಿಂತು, "ಸರ್, 120 ಪೌಂಡಿನ ದಾಖಲೆ ಯಾರಾದ್ರೂ ಮುರೀಬಹುದಾ?" ಅಂತ ಕೇಳಿದ. ಅವನ ಕೈಯಲ್ಲಿ ರಾಗಿ ಉಂಡೆ ಇತ್ತು. ನಾನು ಹೇಳಿದೆ: ಅಷ್ಟು ದೊಡ್ಡದಾಗಲು ಮೀನಿಗೆ ಬಹಳ ವರ್ಷ ಬೇಕಪ್ಪ. ಈಗ ನನಗೆ ಬೇಕಾಗಿರುವುದು 120 ಪೌಂಡಿನದಲ್ಲ. ಕಾವೇರಿಯಲ್ಲಿ ಬೆರಳುದ್ದದ ಒಂದು ಗೂನು ಬೆನ್ನಿನ ಮರಿಯನ್ನು ಯಾರಾದರೂ ಕಂಡು, ಫೋಟೋ ತೆಗೆದು, ಜಾಗ ಬರೆದಿಟ್ಟರೆ ಅದನ್ನೇ ದೊಡ್ಡ ದಾಖಲೆ ಅಂತೀನಿ.

ಎಲ್ಲರೂ ಹೊರಟ ಮೇಲೆ ಒಬ್ಬ ಹಿರಿಯರು ಹತ್ತಿರ ಬಂದರು. ಮಾರ್ಕೋನಹಳ್ಳಿಯಿಂದ ಕೆಳಗೆ ಅವರ ಜಮೀನು. ಚಿಕ್ಕವರಿದ್ದಾಗ ಶಿಂಷೆಯ ಮಡುವಿನಲ್ಲಿ ಅವರ ತಂದೆ ಒಂದು ಮೀನು ಹಿಡಿದಿದ್ದರಂತೆ. ಅದರ ಹುರುಪೆ ಹಳೇ ಒಂದು ರೂಪಾಯಿ ನಾಣ್ಯಕ್ಕಿಂತ ಅಗಲ ಇತ್ತಂತೆ. ಅದು ಯಾವ ಮೀನೋ ಈಗ ಹೇಳಲು ಬರುವುದಿಲ್ಲ. "ಯಜಮಾನ್ರೇ, ಜಾಗ ನೆನಪಿದೆಯಾ?" ಅಂದೆ. "ನೆನಪಿಲ್ದೆ ಏನು" ಅಂದರು. ಕಾರ್ಯಕ್ರಮದ ಆಮಂತ್ರಣ ಪತ್ರ ತಿರುಗಿಸಿ ಪೆನ್ನು ಕೊಟ್ಟೆ. ಮಡುವಿನ ಹೆಸರು, ಪಕ್ಕದ ಊರಿನ ಹೆಸರು ಬರೆದರು. ವರ್ಷ ನೆನಪಾಗಲಿಲ್ಲ. ಸ್ವಲ್ಪ ಯೋಚಿಸಿ, "ನಮ್ಮಕ್ಕನ ಮದುವೆ ಆದ ವರ್ಷದ ಮುಂಗಾರು" ಅಂತ ಬರೆದು, ಕೆಳಗೆ ರುಜು ಹಾಕಿ ಕೊಟ್ಟರು.)